ಅಲಂಕಾರ ಶಿಲೆಗಳ ಗುರುತು: ಬಣ್ಣದಿಂದ ಖನಿಜದ ಕಡೆಗೆ

ಬಣ್ಣ, ಗೆರೆ ಅಥವಾ ಹೊಳಪಿನ ಚೆಲುವಿಗಾಗಿ ಕೊಯ್ದು, ಸಾಣೆ ಹಿಡಿದು ಬಳಸುವ ಕಲ್ಲುಗಳನ್ನು ಒಟ್ಟಾಗಿ ಅಲಂಕಾರ ಶಿಲೆಗಳೆಂದು ಕರೆಯಲಾಗುತ್ತದೆ. ಸಾಣೆಗಾರರು ಗಣಿಯಿಂದ ಬಂದ ಗಟ್ಟಿಯನ್ನು ಮೊದಲು ಐದಾರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಸೀಳಿ, ಅವುಗಳಲ್ಲಿ ಚೆನ್ನಾಗಿ ಕಂಡ ಭಾಗವನ್ನು ಆರಿಸಿ ಪದಕವನ್ನೋ ಉಂಗುರದ ಕಲ್ಲನ್ನೋ ಕಡೆಯುತ್ತಾರೆ. ಹೀಗೆ ಸೀಳಿದಾಗ ಒಳಗಿನ ವಿನ್ಯಾಸ ಕಣ್ಣಿಗೆ ಬೀಳುತ್ತದೆಯಾದರೂ ಕಲ್ಲಿನ ಹೊರಸಿಪ್ಪೆ, ಹರಳಿನ ಸಹಜ ಆಕಾರ, ಒಡೆದಾಗ ಮೂಡುವ ಮುರಿತದ ಬಗೆ, ಸುತ್ತಲಿದ್ದ ಬಂಡೆಯ ಸಂಬಂಧ ಇವೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದಲೇ ಬಿಲ್ಲೆಯೊಂದನ್ನು ಗುರುತಿಸುವುದು ಬೆಟ್ಟದಲ್ಲಿರುವ ಬಂಡೆಯನ್ನು ಗುರುತಿಸುವುದಕ್ಕಿಂತ ಕಷ್ಟದ ಕೆಲಸ. ಈ ವಿದ್ಯೆಯ ಇತಿಹಾಸವೆಂದರೆ ಬಹುಮಟ್ಟಿಗೆ ಕಳೆದುಹೋದ ಈ ಸುಳಿವುಗಳನ್ನು ಬೇರೆ ದಾರಿಯಿಂದ ಮರಳಿ ಪಡೆಯುವ ಯತ್ನದ ಇತಿಹಾಸವೇ ಆಗಿದೆ.

ಕ್ರಿ.ಪೂ. ನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಗ್ರೀಕ್ ವಿದ್ವಾಂಸ ಥಿಯೊಫ್ರಾಸ್ಟಸ್ ಕಲ್ಲುಗಳ ಕುರಿತೇ ಒಂದು ಗ್ರಂಥ ಬರೆದನು, ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ತನ್ನ ವಿಶ್ವಕೋಶದ ಕೊನೆಯ ಎರಡು ಭಾಗಗಳನ್ನು ಶಿಲೆ ಮತ್ತು ರತ್ನಗಳಿಗೆ ಮೀಸಲಿಟ್ಟನು. ಆ ಕಾಲದ ರೋಮನ್ನರು ಈಜಿಪ್ಟಿನ ಕೆನ್ನೇರಿಳೆ ಪಾರ್ಫಿರಿಯನ್ನೂ ಇಂದಿನ ಟ್ಯುನೀಷಿಯಾದ ಚೆಮ್ತೂ ಗಣಿಯ ಹಳದಿ ಅಮೃತಶಿಲೆಯನ್ನೂ ಹಡಗುಗಳಲ್ಲಿ ತರಿಸಿಕೊಳ್ಳುತ್ತಿದ್ದರು. ಸಾಮ್ರಾಜ್ಯ ಕುಸಿದ ಮೇಲೆ ಗಣಿಗಳು ನಿಂತುಹೋದವು. ಪಾಳುಬಿದ್ದ ಕಟ್ಟಡಗಳಿಂದ ಕಿತ್ತ ತುಂಡುಗಳನ್ನೇ ಮತ್ತೆ ಕೊಯ್ದು ಬಳಸುತ್ತಿದ್ದ ರೋಮಿನ ಕಲ್ಲುಕುಟಿಗರಿಗೆ ಕಲ್ಲಿನ ಊರು ತಿಳಿಯದೆ, ಅವರು ಬಣ್ಣ ನೋಡಿ ಹೆಸರಿಟ್ಟರು. ಊರು ಮರೆತು ಬಣ್ಣವಷ್ಟೇ ಉಳಿದ ಈ ಪದ್ಧತಿಯ ದೋಷವನ್ನು ವ್ಯಾಪಾರ ಇಂದಿಗೂ ಹೊತ್ತುಕೊಂಡೇ ಸಾಗುತ್ತಿದೆ.

ಫ್ಲಾರೆನ್ಸಿನಲ್ಲಿ 1588ರಲ್ಲಿ ಒಂದನೆಯ ಫರ್ಡಿನಾಂಡೊ ದ ಮೆಡಿಚಿ ಸ್ಥಾಪಿಸಿದ ಕಾರ್ಯಾಗಾರ ಗಟ್ಟಿ ಕಲ್ಲುಗಳ ಕೂರಣೆ ಕೆಲಸಕ್ಕೆ, ಅಂದರೆ ಬಣ್ಣದ ಕಲ್ಲಿನ ತೆಳು ತುಂಡುಗಳನ್ನು ಚಿತ್ರವಾಗುವಂತೆ ಜೋಡಿಸುವ ಕಲೆಗೆ, ಹೆಸರಾಯಿತು. ಬಿಲ್ಲಿಗೆ ಕಟ್ಟಿದ ತಂತಿ ಮತ್ತು ಅರೆಯುವ ಪುಡಿಯಿಂದ ಅಲ್ಲಿ ಕಲ್ಲು ಕೊಯ್ಯುತ್ತಿದ್ದರು. ಹದಿನೆಂಟನೆಯ ಶತಮಾನದ ಹೊತ್ತಿಗೆ ಮಾದರಿಗಳನ್ನು ಕೂಡಿಡುವ ಹವ್ಯಾಸ ಯುರೋಪಿನಲ್ಲಿ ಹರಡಿತು. 1776ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೆಪ್ ಪ್ರಕಟಿಸಿದ, ಅಮೃತಶಿಲೆಗಳ ಬಣ್ಣದ ಚಿತ್ರಗಳುಳ್ಳ ಗ್ರಂಥ ಆ ಆಸಕ್ತಿಯ ಫಲ.

ಆದರೆ ಸಂಗ್ರಹವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ರೋಮಿನ ವಕೀಲ ಫೌಸ್ಟಿನೊ ಕೋರ್ಸಿ. ಅವನು ಒಂದು ಸಾವಿರ ಮಾದರಿಗಳನ್ನು ಕಲೆಹಾಕಿ, ಪ್ರತಿಯೊಂದನ್ನೂ ಸುಮಾರು 14.5 ಸೆಂ.ಮೀ. ಉದ್ದ, 7.3 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪಕ್ಕೆ ಕೊಯ್ಯಿಸಿ ಹೊಳಪು ಕೊಡಿಸಿದನು, ಮತ್ತು 1825ರಲ್ಲಿ ಅವುಗಳ ವಿವರಣಾತ್ಮಕ ಸೂಚಿಯನ್ನು ಅಚ್ಚು ಹಾಕಿಸಿದನು. ಎಲ್ಲ ತುಂಡುಗಳೂ ಒಂದೇ ಅಳತೆಯವಾದ್ದರಿಂದ ಎರಡು ಕಲ್ಲುಗಳನ್ನು ಅಕ್ಕಪಕ್ಕ ಇಟ್ಟಾಗ ಕಣ್ಣಿಗೆ ಕಾಣುವ ವ್ಯತ್ಯಾಸ ಕಲ್ಲಿನದೇ ಹೊರತು ಗಾತ್ರದ್ದಲ್ಲ. ಹೋಲಿಕೆಗೆ ಬೇಕಾದ ಈ ಶಿಸ್ತನ್ನು ಇಂದಿನ ಸಂಗ್ರಾಹಕರಲ್ಲೂ ಎಲ್ಲರೂ ಪಾಲಿಸುವುದಿಲ್ಲ. 1827ರಲ್ಲಿ ಈ ಸಂಗ್ರಹ ಸ್ಟೀಫನ್ ಜ್ಯಾರೆಟ್ ಎಂಬ ವಿದ್ಯಾರ್ಥಿಯ ಕೊಡುಗೆಯಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿತು. ಎಂಟು ದಶಕಗಳ ಅನಂತರವೂ ಅದು ಫಲ ಕೊಡುತ್ತಲೇ ಇತ್ತು: ಆ ಕಪಾಟುಗಳ ಮುಂದೆ ಕಲಿತ ಮೇರಿ ಪೋರ್ಟರ್, ರೋಮನ್ನು ಕಟ್ಟಿದ ಕಲ್ಲುಗಳ ಕುರಿತು 1907ರಲ್ಲಿ ಪುಸ್ತಕ ಬರೆದು, ಮುಂದೆ ಹರಳುಶಾಸ್ತ್ರದಲ್ಲಿ ಹೆಸರು ಮಾಡಿದರು.

ಕೋರ್ಸಿಯ ಕಾಲದಲ್ಲೇ ಪ್ರಯೋಗಾಲಯದ ಉಪಕರಣಗಳು ರೂಪುಗೊಳ್ಳುತ್ತಿದ್ದವು. ಫ್ರೀಡ್ರಿಕ್ ಮೋಹ್ಸ್ ರೂಪಿಸಿದ ಗಡಸುತನದ ಶ್ರೇಣಿ, ಯಾವ ಖನಿಜ ಯಾವುದನ್ನು ಗೀರಬಲ್ಲದು ಎಂಬ ಆಧಾರದ ಮೇಲೆ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿಗೆ 3, ಬೆಣಚುಕಲ್ಲಿಗೆ 7, ವಜ್ರಕ್ಕೆ 10 ಎಂಬ ಸಂಖ್ಯೆಗಳನ್ನು ಕೊಟ್ಟಿತು. ಹೆನ್ರಿ ಕ್ಲಿಫ್ಟನ್ ಸಾರ್ಬಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಳಕು ಹಾಯುವಷ್ಟು ತೆಳುವಾಗಿ ಕಲ್ಲನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವ ಕ್ರಮವನ್ನು ಬಳಕೆಗೆ ತಂದನು. ಇಂದು ಆ ತೆಳುಛೇದದ ದಪ್ಪ 0.03 ಮಿ.ಮೀ. ಎಂದು ನಿಗದಿಯಾಗಿದೆ.

ಭಾರತದಲ್ಲಿ ಈ ದೃಷ್ಟಿಯ ಮೊದಲ ಬರಹಗಳಲ್ಲೊಂದು, ಮಹಾ ತ್ರಿಕೋನಮಿತಿ ಸಮೀಕ್ಷೆಯ ವೈದ್ಯನೂ ಭೂವಿಜ್ಞಾನಿಯೂ ಆಗಿದ್ದ ಹೆನ್ರಿ ವಾಯ್ಸಿಯದು. ಆಗ್ರಾದ ಕಟ್ಟಡಗಳ ಕಲ್ಲು ಮತ್ತು ಕೂರಣೆ ಕೆಲಸದ ಕುರಿತ ಅವನ ಲೇಖನ 1825ರಲ್ಲಿ ಪ್ರಕಟವಾಯಿತು. ಕುಶಲಕರ್ಮಿಗಳ ಜ್ಞಾನವಾದರೋ ಅದಕ್ಕಿಂತ ಬಹಳ ಹಳೆಯದು. ಗುಜರಾತಿನ ಖಂಬಾತಿನಲ್ಲಿ ಮಂಕು ಬಣ್ಣದ ಅಗೇಟನ್ನು ಕಾಯಿಸಿ, ಅದರೊಳಗಿನ ಕಬ್ಬಿಣದ ಅಂಶ ಕೆಂಪಾಗುವಂತೆ ಮಾಡುವ ಕಲೆ ಇಂದಿಗೂ ಉಳಿದಿದೆ. ಅದರ ಬೇರು ಹರಪ್ಪಾ ಕಾಲದ ಮಣಿಗಾರರವರೆಗೆ ಹೋಗುತ್ತದೆ. ಜರ್ಮನಿಯ ಈಡಾರ್-ಓಬರ್‌ಸ್ಟೈನ್‌ನಲ್ಲಿ ಅಗೇಟಿಗೆ ಸಕ್ಕರೆಯ ದ್ರಾವಣ ಕುಡಿಸಿ, ಬಳಿಕ ಗಂಧಕಾಮ್ಲದಲ್ಲಿಟ್ಟು ಕಪ್ಪಾಗಿಸುತ್ತಿದ್ದರು. ಬಣ್ಣವೇ ಬದಲಾಗುವಾಗ ಬಣ್ಣವನ್ನು ನಂಬಿ ಕಲ್ಲಿಗೆ ಹೆಸರಿಡುವುದು ಎಷ್ಟು ಅಪಾಯಕರ ಎಂಬುದಕ್ಕೆ ಈ ಎರಡು ನಿದರ್ಶನಗಳೇ ಸಾಕು.

ಬಿಲ್ಲೆಗೆ ಗೀರು ಬೀಳದಂತೆ ಗುರುತಿಸುವ ದಾರಿ ತೆರೆದದ್ದು ಇಪ್ಪತ್ತನೆಯ ಶತಮಾನದಲ್ಲಿ. ಚದುರಿದ ಬೆಳಕಿನಲ್ಲಿ ಪ್ರತಿ ವಸ್ತುವೂ ತನ್ನದೇ ಗುರುತು ಬಿಡುತ್ತದೆಂದು ಸಿ.ವಿ. ರಾಮನ್ 1928ರಲ್ಲಿ ತೋರಿಸಿದ್ದರಿಂದ ಬೆಳೆದ ರೋಹಿತ ವಿಧಾನ ಇಂದು ರತ್ನಪರೀಕ್ಷಾಲಯಗಳ ಮುಖ್ಯ ಸಾಧನ. ರಾಮನ್ ಅವರೇ ಮುಂದೆ ಬೆಂಗಳೂರಿನ ತಮ್ಮ ಸಂಸ್ಥೆಯಲ್ಲಿ ಖನಿಜಗಳನ್ನು ಸಂಗ್ರಹಿಸಿ, ಲ್ಯಾಬ್ರಡೊರೈಟ್, ಓಪಲ್, ಅಗೇಟ್‌ಗಳ ವರ್ಣಚ್ಛಟೆಯನ್ನು ಅಧ್ಯಯನ ಮಾಡಿದರು. ಲ್ಯಾಬ್ರಡೊರೈಟಿನ ನೀಲಿ ಮಿಂಚು ವರ್ಣದ್ರವ್ಯದಿಂದ ಬಂದದ್ದಲ್ಲ, ಒಳಗಿನ ಅತಿ ತೆಳು ಪದರಗಳಿಂದ ಬಂದದ್ದು. ಆದ್ದರಿಂದ ಪದರಗಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಕೊಯ್ದ ಬಿಲ್ಲೆ ಮಿಂಚುತ್ತದೆ, ಅಡ್ಡಲಾಗಿ ಕೊಯ್ದದ್ದು ಬರಿಯ ಬೂದು ಕಲ್ಲಾಗಿ ಉಳಿಯುತ್ತದೆ.

ಕರ್ನಾಟಕದ ಕಲ್ಲೊಂದು ಈ ಇಡೀ ಚರ್ಚೆಗೆ ಒಳ್ಳೆಯ ಒರೆಗಲ್ಲು. ಮೈಸೂರು ಸೀಮೆಯಿಂದ ಬರುವ, ಹಸಿರು ಹಿನ್ನೆಲೆಯಲ್ಲಿ ಕೆಂಪು ಮಾಣಿಕ್ಯದ ಚುಕ್ಕೆಗಳಿರುವ ಶಿಲೆಯನ್ನು ಹಲವರು ಟಾಂಜಾನಿಯಾದ ಮಾಣಿಕ್ಯ-ಜೋಯ್ಸೈಟ್ ಎಂದು ಮಾರುವುದೂ ಕೊಳ್ಳುವುದೂ ಉಂಟು. ಮೈಸೂರಿನ ಹಸಿರು ಫುಕ್ಸೈಟ್ ಎಂಬ ಕ್ರೋಮಿಯಂ ಬೆರೆತ ಅಭ್ರಕ. ಮಾಣಿಕ್ಯದ ಕೆಂಪಿಗೂ ಅದೇ ಕ್ರೋಮಿಯಮ್ಮೇ ಕಾರಣ. ಉಕ್ಕಿನ ಚಾಕುವಿನ ಮೊನೆ ಅಭ್ರಕವನ್ನು ಸುಲಭವಾಗಿ ಗೀರುತ್ತದೆ, ಜೋಯ್ಸೈಟನ್ನು ಗೀರದು. ಮಾಣಿಕ್ಯದ ಸುತ್ತ ನೀಲಿ ಕಯನೈಟಿನ ಅಂಚು ಕಂಡರೆ ಅದು ನಮ್ಮ ಕಡೆಯ ಕಲ್ಲೆನ್ನಲು ಬಲವಾದ ಸುಳಿವು, ಕಪ್ಪು ಹಾರ್ನ್‌ಬ್ಲೆಂಡ್ ಮಚ್ಚೆಗಳು ಕಂಡರೆ ಟಾಂಜಾನಿಯಾದ್ದು. ಗಡಸುತನ 9ರ ಮಾಣಿಕ್ಯವೂ 3ನ್ನು ಮೀರದ ಅಭ್ರಕವೂ ಒಂದೇ ಬಿಲ್ಲೆಯಲ್ಲಿರುವುದರಿಂದ ಸಾಣೆ ಹಿಡಿಯುವಾಗ ಮೆದು ಭಾಗ ಬೇಗ ಸವೆದು ಕೆಂಪು ಚುಕ್ಕೆಗಳು ಉಬ್ಬಿ ನಿಲ್ಲುತ್ತವೆ. ಹೆಸರು ತಪ್ಪಿದ ಸಾಣೆಗಾರನ ಕೆಲಸವೂ ಕೆಡುವುದು ಇಲ್ಲಿಯೇ. ಇದೇ ರೀತಿ ಚಾಮರಾಜನಗರದ ಕಪ್ಪು ಗ್ರಾನೈಟ್ ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ, ಡಾಲರೈಟ್.

ಇಂಥ ಗೊಂದಲ ತಡೆಯಲು ಯುರೋಪಿನ ಇಎನ್ 12440 ಮಾನದಂಡ, ಕಲ್ಲಿನ ರೂಢಿನಾಮದೊಂದಿಗೆ ಶಿಲಾವರ್ಗ, ಬಣ್ಣ ಮತ್ತು ಮೂಲಸ್ಥಳವನ್ನೂ ನಮೂದಿಸಬೇಕೆನ್ನುತ್ತದೆ. ಇವುಗಳಲ್ಲಿ ಬಣ್ಣವನ್ನು ಯಾರು ಬೇಕಾದರೂ ಮತ್ತೆ ನೋಡಬಹುದು, ಶಿಲಾವರ್ಗವನ್ನು ಪರೀಕ್ಷೆಯಿಂದ ತಿಳಿಯಬಹುದು. ಕಲ್ಲು ಬಂದ ಗಣಿಯ ಹೆಸರು ಮಾತ್ರ ಒಮ್ಮೆ ತಪ್ಪಿದರೆ ಉಪಕರಣಗಳಿಂದಲೂ ಖಚಿತವಾಗಿ ಸಿಗುವುದು ಅಪರೂಪ. ಬಿಲ್ಲೆಗಳನ್ನು ಸಂಗ್ರಹಿಸುವ ಪ್ರತಿಯೊಬ್ಬರೂ ಕಲ್ಲನ್ನು ಕೊಯ್ಯುವ ಮೊದಲೇ ಅದು ಸಿಕ್ಕ ಊರು, ಗಣಿ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು, ಮತ್ತು ಕೊಯ್ಯದ ಒಂದು ತುಂಡನ್ನು ಬಿಲ್ಲೆಯ ಜೊತೆಗೇ ಕಾಪಾಡಬೇಕು.