ವೆರ್ಗುಲು ಕಾಡುಸೇಬಲ್ಲ: ಲಾಕ್ನುಂಗದ ಒಂದು ಪಾಠವಿಚಾರ

ಇಂಗ್ಲೆಂಡಿನ ಕ್ರ್ಯಾಬ್ ಸೇಬಿನ ಹೆಸರುಗಳ ಚರಿತ್ರೆ ಹೇಳುವವರು 'ವೆರ್ಗುಲು' ಎಂಬ ಹಳೆಯ ಇಂಗ್ಲಿಷ್ ಪದದಿಂದ ಆರಂಭಿಸುವುದು ರೂಢಿಯಾಗಿಬಿಟ್ಟಿದೆ. ಅದಕ್ಕಿರುವ ಆಧಾರ ಒಂದೇ: ಕ್ರಿ.ಶ. 1000ದ ಆಸುಪಾಸಿನ ಹಾರ್ಲಿ 585 ಹಸ್ತಪ್ರತಿಯಲ್ಲಿ, ಲಾಕ್ನುಂಗವೆಂಬ ವೈದ್ಯಸಂಗ್ರಹದೊಳಗೆ ಬರುವ 'ಒಂಬತ್ತು ಮೂಲಿಕೆಗಳ ಮಂತ್ರ'. ಈ ಪದ ಬೇರೆಲ್ಲೂ ಸಿಕ್ಕಿಲ್ಲ. ಆದರೂ ಹಲವು ಅನುವಾದಕರು ಸಂಶಯದ ಚಿಹ್ನೆಯನ್ನೂ ಹಾಕದೆ ಅದನ್ನು ಕಾಡುಸೇಬು ಎಂದೇ ಬರೆದಿದ್ದಾರೆ.

ಅವರ ವಾದ ಎಣಿಕೆಯನ್ನು ನಂಬಿದೆ. ಮಂತ್ರಪದ್ಯದ ಕೊನೆಗೆ ಔಷಧ ತಯಾರಿಸುವ ಗದ್ಯವಿದೆ. ಅದರಲ್ಲಿ ತುರಿಕೆಗಿಡವೂ ಇದೆ, 'ವುಡುಸೂರ್‌ಆ್ಯಪ್ಪೆಲ್' ಅಂದರೆ ಕಾಡಿನ ಹುಳಿಸೇಬೂ ಇದೆ. ಪದ್ಯದ 'ಸ್ಟೀಥೆ'ಯನ್ನು ತುರಿಕೆಗಿಡವೆಂದು ಗುರುತಿಸಿಬಿಟ್ಟರೆ, ಉಳಿದ ವೆರ್ಗುಲು ಸೇಬೇ ಆಗಬೇಕೆಂಬುದು ಅವರ ತೀರ್ಮಾನ. (ಸೀಲ್ ಪ್ರಾಣಿ ವೆರ್ಗುಲುವನ್ನು ಕಡಲಾಚೆಯಿಂದ ಕಳುಹಿಸಿತೆಂದು ಪದ್ಯ ಹೇಳುವುದರಿಂದ, ಅದು ಇಂಗ್ಲೆಂಡಿನದೇ ಆದ ಸೇಬಾಗಲಾರದು ಎಂದು ಅವರಿಗೆ ಉತ್ತರ ಕೊಡಬಹುದು. ಆ ಉತ್ತರವನ್ನು ನಾನು ಬಳಸುವುದಿಲ್ಲ. ತುರಿಕೆಗಿಡವೂ ಆ ನೆಲದ್ದೇ.)

ಎಣಿಕೆಗಿಂತ ಮುಖ್ಯವಾದದ್ದು ಅನುಕ್ರಮ. ಗದ್ಯದಲ್ಲಿ ಮಗ್‌ವರ್ಟ್, ದಾರಿಬದಿಯ ಪ್ಲಾಂಟೇನ್, ಲ್ಯಾಂಬ್ಸ್ ಕ್ರೆಸ್, ಆಟ್ಟೋರ್ಲಾಥೆ, ಕ್ಯಾಮೊಮೈಲ್, ತುರಿಕೆಗಿಡ, ಹುಳಿಸೇಬು, ಫಿಲ್ಲೆ, ಬಡೇಸೋಪು ಎಂದು ಒಂಬತ್ತು ಹೆಸರುಗಳಿವೆ. ಪದ್ಯದಲ್ಲಿ ಕ್ಯಾಮೊಮೈಲಿನ ಬೆನ್ನಿಗೇ ಬರುವುದು ವೆರ್ಗುಲು. ಗದ್ಯದಲ್ಲಿ ಅದೇ ಜಾಗದಲ್ಲಿ ತುರಿಕೆಗಿಡವಿದೆ. ವೆರ್ಗುಲುವಿನ ನಂತರ, ಫಿಲ್ಲೆಗಿಂತ ಮೊದಲು, ವೋಡನ್ ದೇವನು ಸರ್ಪವನ್ನು ಹೊಡೆದ ಪ್ರಸಂಗದಲ್ಲಿ ಸೇಬು ತನ್ನ ಸ್ವಂತ ಹೆಸರಿನಿಂದಲೇ, ವಿಷಕ್ಕೆ ಎದುರಾಗಿ ಕಾಣಿಸಿಕೊಳ್ಳುತ್ತದೆ. ಗದ್ಯದಲ್ಲೂ ಅದರ ಸ್ಥಾನ ಅದೇ. ಸ್ಟೀಥೆಯನ್ನು ತುರಿಕೆಗಿಡವೆಂದರೆ ಅದು ಆಟ್ಟೋರ್ಲಾಥೆಗಿಂತ ಮುಂದಕ್ಕೆ ಹಾರಿ, ಈ ಹೊಂದಾಣಿಕೆಯೆಲ್ಲ ಕೆಡುತ್ತದೆ. ಬದಲಿಗೆ ಸ್ಟೀಥೆಯನ್ನು, ಪದ್ಯದಲ್ಲಿ ಅದರ ಹಿಂದೆ ಲ್ಯಾಂಬ್ಸ್ ಕ್ರೆಸ್‌ನ ಜಾಗದಲ್ಲಿರುವ 'ಸ್ಟೂನೆ'ಯದೇ ಇನ್ನೊಂದು ಹೆಸರೆಂದು ಓದಿದರೆ ಎರಡು ಪಟ್ಟಿಗಳೂ ಒಂಬತ್ತಕ್ಕೇ ನಿಲ್ಲುತ್ತವೆ.

ನಿರ್ಣಾಯಕ ಸಾಕ್ಷ್ಯ ಇನ್ನೂ ಕೆಳಗಿದೆ. ಮೂಲಿಕೆಗಳನ್ನು ಪುಡಿಮಾಡಿ ಹಳೆಯ ಸಾಬೂನು, ಸೇಬಿನ ತಿರುಳುಗಳ ಜೊತೆ ಕಲಸಬೇಕೆಂದು ಗದ್ಯ ವಿಧಿಸುತ್ತದೆ. ಮಂತ್ರವನ್ನು ಪ್ರತಿಯೊಂದು ಮೂಲಿಕೆಯ ಮೇಲೆ ಮೂರು ಸಲ ಹಾಡಬೇಕು. ಸೇಬಿನ ಮೇಲೂ ಹಾಗೆಯೇ ಹಾಡಬೇಕು ಎಂಬ ಸೂಚನೆ ಬೇರೆಯಾಗಿಯೇ ಇದೆ. ಮೂಲಿಕೆಗೆ ಅಲ್ಲಿರುವ ಪದ 'ವಿರ್ಟ್'. ಸೇಬನ್ನು ಆ ಗುಂಪಿಗೆ ಸೇರಿಸದೆ ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ವೆರ್ಗುಲುವನ್ನು ಪದ್ಯ ನೇರವಾಗಿ ಕರೆಯುವುದು 'ವಿರ್ಟ್' ಎಂದೇ! ಪದ್ಯ ಮತ್ತು ಗದ್ಯ ಮೊದಲಿಗೆ ಬೇರೆಬೇರೆ ಇದ್ದಿರಬಹುದೆಂಬ ಆಕ್ಷೇಪವನ್ನು ಒಪ್ಪಿದರೂ, ಎರಡನ್ನೂ ಕೂಡಿಸಿದವನು ಅವುಗಳನ್ನು ಹೇಗೆ ಅರ್ಥಮಾಡಿಕೊಂಡಿದ್ದ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಓಸ್ವಾಲ್ಡ್ ಕೊಕೇನ್ 1866ರಲ್ಲಿ ಎರಡನ್ನೂ ಒಟ್ಟಿಗೇ ಅಚ್ಚುಹಾಕಿದ್ದರು. ಗದ್ಯವನ್ನು ಅಡುಗೆಯ ಟಿಪ್ಪಣಿಯೆಂಬಂತೆ ಬದಿಗಿಟ್ಟು ಪದ್ಯವನ್ನಷ್ಟೇ ಕತ್ತರಿಸಿಕೊಂಡ ಸಂಕಲನಕಾರರ ಅಸಡ್ಡೆಯನ್ನು ನಾನು ಕ್ಷಮಿಸಲಾರೆ.

ಹೀಗಾಗಿ ಹಳೆಯ ಇಂಗ್ಲಿಷಿನಲ್ಲಿ ಕಾಡುಸೇಬಿನ ಖಚಿತ ಹೆಸರುಗಳು ಹುಳಿಯನ್ನು, ಕಾಡನ್ನು ಸೂಚಿಸುವ ಸಮಾಸಗಳೇ. ಭೂದಾನಪತ್ರಗಳ ಗಡಿವಿವರಗಳಲ್ಲಿ ಗುರುತುಮರವಾಗಿ ಬರುವ 'ಸೂರ್ ಆಪುಲ್ಡರ್', ಅಂದರೆ ಹುಳಿಸೇಬಿನ ಮರ, ಇದೇ ಸಾಲಿನದು. 'ಕ್ರ್ಯಾಬ್' ಹಣ್ಣಿನ ಹೆಸರಾಗಿ ಬಳಕೆಗೆ ಬಂದದ್ದು ಮಧ್ಯಕಾಲೀನ ಇಂಗ್ಲಿಷಿನಲ್ಲಿ. ಅದರ ಮೂಲ ಸ್ಕ್ಯಾಂಡಿನೇವಿಯದ್ದಿರಬಹುದು. ಏಡಿಯ ಹೆಸರಿನೊಡನೆ ಅದಕ್ಕೆ ನಂಟಿದೆಯೆಂಬುದು ಸಾಬೀತಾಗಿಲ್ಲ. ವೆರ್ಗುಲುವನ್ನು ನಿಘಂಟುಗಳು ತುರಿಕೆಗಿಡದ ಕೆಳಗೆ, ಪ್ರಶ್ನಾರ್ಥಕ ಚಿಹ್ನೆಯೊಡನೆ ಸೇರಿಸಬೇಕು.