ಸೊಲ್ಲಾಪುರ–ಅಕ್ಕಲಕೋಟ ರಸ್ತಾದ ಮ್ಯಾಲೆ ಎರಡು ನಮೂನಿ ಸೈಕಲ್ಲು

ನಮ್ಮ ಭಾಗದ ಹುಡುಗರ ಬಾಯಾಗ ಈಗೀಗ ಒಂದು ಹೊಸ ಶಬ್ದ ಓಡಾಡ್ತದ: ಟ್ರಯಥ್ಲಾನ್. ಮೊದಲು ಈಜಬೇಕು, ಆಮೇಲೆ ಸೈಕಲ್ ಹೊಡೀಬೇಕು, ಕಡೀಕ ಓಡಬೇಕು. ಮೂರೂ ಒಂದರ ಬೆನ್ನಿಗೆ ಒಂದು, ನಡುವ ಕುಂತು ದಣಿವಾರಿಸಿಕೊಳ್ಳೋದಿಲ್ಲ. 2019ರಲ್ಲಿ ಗೋವಾದಲ್ಲಿ ಈ ನಮೂನಿಯ ದೊಡ್ಡ ಸ್ಪರ್ಧೆ ಶುರುವಾಯಿತು, ಕೊಲ್ಹಾಪುರದಲ್ಲೂ ನಡೆಯುತ್ತವೆ. ಬಾವಿಯಲ್ಲಿ ಈಜು ಕಲಿತು, ಸೈಕಲ್ ಹೊಡೆದು ಶಾಲೆಗೆ ಹೋಗಿ, ಬದುವಿನ ಮ್ಯಾಲೆ ಓಡಿ ಬೆಳೆದ ಹುಡುಗನಿಗೆ ಇದು ನಮ್ಮದೇ ಆಟ ಅನಿಸಿದರೆ ಏನೂ ಆಶ್ಚರ್ಯವಿಲ್ಲ.

ತೊಡಕು ಬರೋದು ಸೈಕಲ್ ಅಂಗಡಿಯೊಳಗ. ಅಲ್ಲಿ ಎರಡು ನಮೂನಿ ತೋರಿಸುತ್ತಾರೆ. ಒಂದು ರೋಡ್ ಬೈಕ್, ಟಗರಿನ ಕೊಂಬಿನ ಹಾಂಗ ಬಾಗಿದ ಹ್ಯಾಂಡಲ್ಲಿಂದು. ಇನ್ನೊಂದು ಟ್ರಯಥ್ಲಾನ್ ಬೈಕ್, ಮೊಣಕೈ ಊರಿ ಮುಂದಕ್ಕ ಚಾಚಿಕೊಂಡು ಮಲಗಿದ ಹಾಂಗ ಹೊಡಿಯೂದು. (ಹೆಸರು ಕೇಳಿ ಮೂರು ಗಾಲಿ ಅಂದ್ಕೋಬ್ಯಾಡ್ರಿ, ಗಾಲಿ ಎರಡೇ.) ಎರಡನೆಯದರ ಬೆಲೆ ಲಕ್ಷದಿಂದ ಮ್ಯಾಲೇ ಮಾತಾಡ್ತದ, ಎಮ್ಮಿ ಮಾರಿದರೂ ಸಾಲೋದಿಲ್ಲ. ಹುಡುಗ ಹಟ ಹಿಡೀತಾನ, ತಂದೆ ಬಂದು ಸಾಲಿ ಮಾಸ್ತರರನ್ನ ಕೇಳ್ತಾನ. ಈ ಎರಡು ಸೈಕಲ್ಲು ಬೇರೆ ಬೇರೆ ಯಾಕಾದವು ಅನ್ನೋದರ ಇತಿಹಾಸ ಗೊತ್ತಿದ್ದರ ಆ ತಂದೆಗೆ ಉತ್ತರ ಹೇಳೋದು ಕಠಿಣಲ್ಲ. ಅದಕ್ಕೇ ಈ ಬರಹ.

ಮೊದಲು ನಮ್ಮ ಮನೀ ಸೈಕಲ್ಲಿನ ಮಾತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ಎರಡೂ ಗಾಲಿ ಹೆಚ್ಚುಕಡಿಮೆ ಸಮ ಇರುವ, ಹಿಂದಿನ ಗಾಲಿಗೆ ಚೈನು ಹಾಕಿದ ರೋವರ್ ಸೈಕಲ್ಲನ್ನು ಮಾಡಿದ. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟಾಯರು ತಂದ. ಇವತ್ತಿಗೂ ಸೈಕಲ್ಲು ಅಂದರ ಮೂಲದಾಗ ಇವೇ ಎರಡು ಸಂಗತಿ. ಸ್ವಾತಂತ್ರ್ಯದ ನಂತರ ಮದ್ರಾಸಿನ ಟಿ.ಐ. ಕಂಪನಿ, 1951ರ ಅಟ್ಲಾಸ್, 1956ರ ಹೀರೊ ಬಂದ ಮೇಲೆ ಸೈಕಲ್ಲು ಬಡವರ ಕೈಗೂ ಎಟುಕಿತು. ಸೊಲ್ಲಾಪುರದಾಗ 1870ರ ದಶಕದಿಂದ ಬಟ್ಟೆ ಗಿರಣಿಗಳಿದ್ದವು. ಭೋಂಗಾ ಊದಿತು ಅಂದರ ಪಾಳಿ ಮುಗಿದವರ ಸೈಕಲ್ ಸಾಲು ಒಂದು ಕಡೆ, ಪಾಳಿಗೆ ಹೊಂಟವರ ಸಾಲು ಇನ್ನೊಂದು ಕಡೆ. ಹಳ್ಳಿಯಿಂದ ಹಾಲಿನ ಕ್ಯಾನು, ಪ್ಯಾಟಿಯಿಂದ ಛಾದರದ ಗಂಟು, ಎಲ್ಲ ಕ್ಯಾರಿಯರಿನ ಮ್ಯಾಲೆ. ಮುನ್ಸಿಪಾಲ್ಟಿಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದ ಕಾಲ. ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ರಾತ್ರಿ ದೀಪ ಇಲ್ಲದೆ ಹೊಂಟರೆ ಪೊಲೀಸರು ಗಾಲಿಯ ಗಾಳಿ ಬಿಡುತ್ತಿದ್ದರು.

ಆ ಸೈಕಲ್ಲಿನ ಆಕಾರ ನೆನಪು ಮಾಡಿಕೊಳ್ರಿ. ಸೀಟು ಪೆಡಲಿನಿಂದ ಬಹಳ ಹಿಂದ, ಹ್ಯಾಂಡಲ್ಲು ಎತ್ತರ, ಬೆನ್ನು ನೆಟ್ಟಗ. 28 ಇಂಚಿನ ಗಾಲಿ, ಸಳಿಯ ಬ್ರೇಕು, ತೂಕ ಇಪ್ಪತ್ತು ಕಿಲೊ ಹತ್ತಿರ. ಯಾಕೆ ಹಂಗ? ಹೊರೆ ಹೊತ್ತು ಕೆಟ್ಟ ರಸ್ತಾದಾಗ ನಿಧಾನ ಹೋಗಲಿಕ್ಕ. ಆ ಕೆಲಸಕ್ಕ ಅದಕ್ಕಿಂತ ಚಲೋ ಆಕಾರ ಇನ್ನೂ ಹುಟ್ಟಿಲ್ಲ ಅಂತ ನನ್ನ ಅಭಿಪ್ರಾಯ.

ಶರ್ಯತ್ತಿನ ಸೈಕಲ್ಲು ಬೇರೆ. 1903ರಲ್ಲಿ ಫ್ರಾನ್ಸ್ ದೇಶ ಸುತ್ತುವ ರೇಸು ಶುರುವಾಯಿತು. ಅದೇ ಟೂರ್ ದ ಫ್ರಾನ್ಸ್. ಅಲ್ಲಿ ಓಡುವವರು ನೂರಾರು ಮಂದಿ ಗುಂಪಾಗಿ ಹೋಗುತ್ತಾರೆ. ಗುಂಪು ಯಾಕಂದರ ಗಾಳಿಗೆ. ತಾಸಿಗೆ 30 ಕಿ.ಮೀ. ದಾಟಿದ ಮೇಲೆ ಸಪಾಟು ರಸ್ತಾದಾಗ ಕಾಲಿನ ಶಕ್ತಿ ಬಹುಪಾಲು ಗಾಳಿಯನ್ನು ಸೀಳೋದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ಮುಂದಿನವನ ಬೆನ್ನ ಹಿಂದ ಆತುಕೊಂಡು ಹೋದರೆ ಆ ಶಕ್ತಿಯಲ್ಲಿ ಕಾಲು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಉಳಿಯುತ್ತದೆ. ಆದರೆ ಮುಂದಿನ ಗಾಲಿಗೂ ನಮ್ಮ ಗಾಲಿಗೂ ಒಂದು ಗೇಣು ಅಂತರ ಇಟ್ಟುಕೊಂಡು ಹೋಗಬೇಕಾದರೆ ಕೈ ಬ್ರೇಕಿನ ಮ್ಯಾಲೇ ಇರಬೇಕು, ಹ್ಯಾಂಡಲ್ಲು ಹೇಳಿದ ಕಡೆ ಹೊರಳಬೇಕು. ರೋಡ್ ಬೈಕಿನ ಸ್ವಭಾವವೆಲ್ಲ ಇದರೊಳಗ ಅದ.

ಇನ್ನು 1933ರ ಕಥೆ. ಒಂದು ತಾಸಿನಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೆ ಅನ್ನುವ ದಾಖಲೆ ಸ್ವಿಟ್ಜರ್‌ಲ್ಯಾಂಡಿನ ಆಸ್ಕರ್ ಎಗ್‌ ಹೆಸರಲ್ಲಿ 1914ರಿಂದ ಇತ್ತು, 44.247 ಕಿ.ಮೀ. ಫ್ರಾನ್ಸಿನ ಫ್ರಾನ್ಸಿಸ್ ಫೋರ್ ಅನ್ನುವವನು, ಅಂಥಾ ದೊಡ್ಡ ಹೆಸರಿನವನೇನಲ್ಲ, ಅಂಗಾತ ಮಲಗಿ ಕಾಲು ಮುಂದಕ್ಕ ಚಾಚಿ ಪೆಡಲು ಹೊಡೆಯುವ ಸೈಕಲ್ಲು ಏರಿ 45.055 ಕಿ.ಮೀ. ಹೋಗಿಬಿಟ್ಟ. ಗದ್ದಲವಾಯಿತು. ಇದು ಸೈಕಲ್ಲೋ ಮಂಚವೋ? 1934ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ತೀರ್ಪು ಕೊಟ್ಟಿತು: ಇಂಥದ್ದು ರೇಸಿಗೆ ಸಲ್ಲದು. ಸೀಟು ಎಲ್ಲಿರಬೇಕು, ಪೆಡಲು ಎಲ್ಲಿರಬೇಕು ಅಂತ ಅಳತೆ ಹಾಕಿತು. ಆವತ್ತಿನಿಂದ ರೋಡ್ ಬೈಕಿನ ಆಕಾರಕ್ಕೆ ಬೇಲಿ ಬಿತ್ತು. ಕಬ್ಬಿಣ ಹೋಗಿ ಅಲ್ಯುಮಿನಿಯಂ, ಕಾರ್ಬನ್ ಬಂದರೂ ಕುಂದರುವ ಭಂಗಿ ಮಾತ್ರ ಹೆಚ್ಚುಕಡಿಮೆ ಅಜ್ಜನ ಕಾಲದ್ದೇ. 1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ ಬಟ್ಟೆ ತೊಳೆಯುವ ಯಂತ್ರದ ಬೇರಿಂಗು ಹಾಕಿ ತಾನೇ ಮಾಡಿಕೊಂಡ ಸೈಕಲ್ಲಿನ ಮ್ಯಾಲೆ, ಕೈ ಎದೆಗೆ ಒತ್ತಿಕೊಂಡು, ತಾಸಿಗೆ 51.596 ಕಿ.ಮೀ. ಹೋಗಿ ದಾಖಲೆ ಮಾಡಿದ. ಮರುವರ್ಷ ಆ ಭಂಗಿಗೂ ನಿಷೇಧ ಬಂತು. ಗುಜರಿ ಸಾಮಾನಿನಿಂದ ಜಗತ್ತನ್ನು ಗೆದ್ದವನಿಗೆ ಹಿಂಗಾದದ್ದು ನೋಡಿ ಇವತ್ತಿಗೂ ಹಳಹಳಿ ಆಗ್ತದ.

ಟ್ರಯಥ್ಲಾನ್ ಹುಟ್ಟಿದ್ದು ಈ ಬೇಲಿಯ ಹೊರಗ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಓಟಗಾರರ ಒಂದು ಗುಂಪು ಗಮ್ಮತ್ತಿಗೆಂದು ಶುರು ಮಾಡಿತು. ನಂತರ ಹವಾಯಿ ದ್ವೀಪದಲ್ಲಿ ಒಂದು ವಾದ ಬಂತು, ನಮ್ಮ ಕಟ್ಟಿ ಮ್ಯಾಲಿನ ವಾದದ ಹಾಂಗ: ಈಜುವವನು ಗಟ್ಟಿಯೋ, ಓಡುವವನೋ, ಸೈಕಲ್ ಹೊಡೆಯುವವನೋ? ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್, ಮೂರೂ ಒಂದೇ ದಿನ ಮಾಡಿ ನೋಡೋಣ ಅಂದರು. 1978ರ ಫೆಬ್ರವರಿಯಲ್ಲಿ 15 ಮಂದಿ ನೀರಿಗಿಳಿದರು, 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ಲು, 42 ಕಿ.ಮೀ. ಓಟ. ಮುಗಿಸಿದವರು 12 ಮಂದಿ. ಇದಕ್ಕೇ ಐರನ್‌ಮ್ಯಾನ್ ಅಂದರು.

ಇಲ್ಲಿ ಒಂದು ಕಟ್ಟು ಅದ: ಸೈಕಲ್ಲಿನ ಮ್ಯಾಲೆ ಇನ್ನೊಬ್ಬನ ಬೆನ್ನ ಹಿಂದ ಸೇರಬಾರದು. ಈಗಿನ ಐರನ್‌ಮ್ಯಾನ್ ನಿಯಮದಲ್ಲಿ 12 ಮೀಟರ್ ಅಂತರ ಬಿಡಬೇಕು. ಅಂದರ ಪ್ರತಿಯೊಬ್ಬನೂ ಗಾಳಿಯ ಎದುರಿಗೆ ಒಂಟಿ. ಗುಂಪೇ ಇಲ್ಲದ ಮ್ಯಾಲೆ ಕ್ಷಣಕ್ಷಣಕ್ಕೂ ಬ್ರೇಕು ಹಿಡಿಯುವ ಪ್ರಸಂಗ ಕಡಿಮೆ. ಮೈಯನ್ನು ಎಷ್ಟು ತಗ್ಗಿಸಿ, ಎಷ್ಟು ಸಣ್ಣಗೆ ಮಾಡಿಕೊಂಡರೆ ಅಷ್ಟು ಲಾಭ. 1987ರ ಸುಮಾರಿಗೆ ಬೂನ್ ಲೆನನ್ ಅನ್ನುವ ಹಿಮಜಾರು ಆಟದ ತರಬೇತುದಾರ ಮೊಣಕೈ ಊರುವ ಹ್ಯಾಂಡಲ್ ಮಾಡಿದ. ಹಿಮದ ಇಳಿಜಾರಿನಲ್ಲಿ ಜಾರುವವರು ಕೈ ಮುಂದಕ್ಕೆ ಚಾಚಿ ಮುದುಡಿಕೊಳ್ಳುವುದನ್ನು ನೋಡಿ ಹೊಳೆದದ್ದು ಅದು. ಮೈ ಮುಂದಕ್ಕೆ ಬಾಗಿದಾಗ ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಸೀಟನ್ನೇ ಮುಂದಕ್ಕೆ ತಂದರು. ರೋಡ್ ಬೈಕಿನ ಸೀಟಿನ ಪೈಪು ಸುಮಾರು 73 ಡಿಗ್ರಿ ಓರೆ. ಟ್ರಯಥ್ಲಾನ್ ಬೈಕಿನದು 78ರ ಆಸುಪಾಸು, ಹೆಚ್ಚು ನೆಟ್ಟಗ. 1980ರ ದಶಕದ ಕೊನೆಗೆ ಡ್ಯಾನ್ ಎಂಪ್‌ಫೀಲ್ಡ್ ಇಂಥ ಫ್ರೇಮುಗಳನ್ನು ಮಾಡಿ ಮಾರತೊಡಗಿದರು. ಇಳಿದ ಮೇಲೆ ಓಡಲಿಕ್ಕೂ ಇದು ಅನುಕೂಲ ಅಂತ ಬಹಳ ಮಂದಿ ಹೇಳುತ್ತಾರೆ.

ರೋಡ್ ರೇಸಿನವರು ಮೊದಲು ನಕ್ಕರು. 1989ರ ಜುಲೈ 23ರಂದು ನಗು ನಿಂತಿತು. ಮೂರು ವಾರ, ಮೂರು ಸಾವಿರ ಕಿ.ಮೀ.ಗೂ ಮಿಕ್ಕಿ ಓಡಿದ ಟೂರ್ ದ ಫ್ರಾನ್ಸಿನ ಕಡೀ ದಿನ. ವರ್ಸೈಯಿಂದ ಪ್ಯಾರಿಸ್ಸಿಗೆ 24.5 ಕಿ.ಮೀ., ಒಬ್ಬೊಬ್ಬರೇ ಗಡಿಯಾರದ ಎದುರು. ಫ್ರಾನ್ಸಿನ ಲೊರಾಂ ಫಿನ್ಯೋನ್ 50 ಸೆಕೆಂಡು ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಟ್ರಯಥ್ಲಾನಿನವರ ಮೊಣಕೈ ಹ್ಯಾಂಡಲ್ ಹಾಕಿಕೊಂಡು ಬಂದ. ಫಿನ್ಯೋನ್ ಹೆಲ್ಮೆಟ್ಟೂ ಇಲ್ಲದೆ, ಜುಟ್ಟು ಹಾರಿಸಿಕೊಂಡು ಹೊಡೆದ. ಅವತ್ತು ಲೆಮಾಂಡ್ 58 ಸೆಕೆಂಡು ಉಳಿಸಿದ, ಒಟ್ಟು ರೇಸನ್ನು 8 ಸೆಕೆಂಡಿನಿಂದ ಗೆದ್ದ. ಕಡೀಕ ಸೈಕಲ್ ಒಕ್ಕೂಟ ಒಂಟಿಯಾಗಿ ಓಡುವ ಸ್ಪರ್ಧೆಗೆ ಮಾತ್ರ ಆ ಹ್ಯಾಂಡಲ್ ಒಪ್ಪಿಕೊಂಡಿತು. ಗುಂಪಿನ ರೇಸಿನಲ್ಲಿ ಇವತ್ತಿಗೂ ಅದಕ್ಕೆ ಪ್ರವೇಶವಿಲ್ಲ.

ಇದರೊಳಗಿಂದು ಒಂದು ತಿರುವನ್ನು ಅಂಗಡಿಯವರು ಹೇಳೋದಿಲ್ಲ. 2000ರಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಟ್ರಯಥ್ಲಾನ್ ಸೇರಿತು: 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ಲು, 10 ಕಿ.ಮೀ. ಓಟ. ಆದರೆ ಅಲ್ಲಿ ಬೆನ್ನ ಹಿಂದ ಸೇರಲಿಕ್ಕೆ ಅನುಮತಿ ಅದ. ಹಿಂಗಾಗಿ ಒಲಿಂಪಿಕ್ ಟ್ರಯಥ್ಲಾನಿನವರು ಏರುವುದು ರೋಡ್ ಬೈಕನ್ನೇ! ಹೆಸರಿಗೂ ಸೈಕಲ್ಲಿಗೂ ಸಂಬಂಧವಿಲ್ಲ, ನಿಯಮಕ್ಕ ಸಂಬಂಧ.

ಈಗ ನಮ್ಮ ರಸ್ತಾಕ್ಕ ಬರೂಣು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಕುಂಭಾರಿ, ವಳಸಂಗದ ಮೇಲೆ ಹಾಸಿ ಸುಮಾರು 40 ಕಿ.ಮೀ., ಒಲಿಂಪಿಕ್ ಅಳತೆ ತಾನಾಗಿಯೇ ಸಿಕ್ಕಂತೆ. ವಿಜಯಪುರಕ್ಕೆ ಹೊಂಟರೆ ಸುಮಾರು 100 ಕಿ.ಮೀ.; ಗೋವಾದ ಅರ್ಧ ಐರನ್‌ಮ್ಯಾನಿನ 90 ಕಿ.ಮೀ.ಗಿಂತ ಒಂದಿಷ್ಟು ಮಿಗಿಲು. ಅಕ್ಕಲಕೋಟ ಇರೋದು ಸೊಲ್ಲಾಪುರದ ಆಗ್ನೇಯಕ್ಕೆ. ಮಳೆಗಾಲದ ಪಡುವಣ ಗಾಳಿ ಹೋಗುವಾಗ ಬೆನ್ನಿಗೆ, ಬರುವಾಗ ಎದಿಗೆ. ಬರುವಾಗ ಮೊಣಕೈ ಹ್ಯಾಂಡಲ್ಲಿನ ಬೆಲೆ ಗೊತ್ತಾಗ್ತದ, ಖರೆ. ಆದರೆ ಟ್ರಯಥ್ಲಾನ್ ಬೈಕಿನಲ್ಲಿ ಮೊಣಕೈ ಊರಿದಾಗ ಕೈಗೆ ಸಿಗೋದು ಗೇರು ಮಾತ್ರ. ಬ್ರೇಕು ಆಚೀಕಡೀ ಹ್ಯಾಂಡಲ್ಲಿನ ತುದಿಗೆ. ಕೈ ಅಲ್ಲಿಗೆ ಹೋಗಲಿಕ್ಕೆ ಬೇಕಾಗುವ ಒಂದು ಕ್ಷಣದಾಗ ಸೈಕಲ್ಲು ಹತ್ತು ಮೀಟರಿನಷ್ಟು ಮುಂದ ಹೋಗಿರ್ತದ. ರಸ್ತಾ ಎಷ್ಟೇ ಅಗಲಾದರೂ ಅದರ ಮ್ಯಾಲೆ ಕಬ್ಬಿನ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು ಇರ್ತಾವ, ಸ್ವಾಮಿ ಸಮರ್ಥರ ದರ್ಶನಕ್ಕ ನಡಕೊಂಡು ಹೊಂಟ ಮಂದಿ ಇರ್ತಾರ, ಊರು ಬಂದಲ್ಲೆಲ್ಲ ಸ್ಪೀಡ್ ಬ್ರೇಕರು, ಅಡ್ಡ ಬರುವ ಎಮ್ಮಿ. ಸ್ಪರ್ಧೆಯ ದಿನ ರಸ್ತಾ ಬಂದ್ ಮಾಡಿಕೊಡ್ತಾರ. ತಯಾರಿಯ ಮುನ್ನೂರು ದಿನ ಯಾರು ಬಂದ್ ಮಾಡ್ತಾರ?

ವಿಜಯಪುರ, ಬಾಗಲಕೋಟ ಕಡೆಯ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ರೇಸಿನಲ್ಲಿ ಹೆಸರು ಮಾಡಿದ್ದು ನಿಮಗ ಗೊತ್ತದ. ವಿಜಯಪುರದ ವೆಲೊಡ್ರೋಮಿನ ಕೆಲಸ ವರ್ಷಾನುಗಟ್ಟಲೆ ಎಳೆದರೂ ಅವರು ಡಾಂಬರು ರಸ್ತಾದಾಗ ಗುಂಪು ಕಟ್ಟಿಕೊಂಡು, ಸರದಿ ಪ್ರಕಾರ ಗಾಳಿ ಎದುರಿಸುತ್ತ ಕಲಿತರು. ನಮ್ಮ ಹುಡುಗ ನಾಳೆ ಅವರ ಗುಂಪಿನಲ್ಲಿ ಸೇರಬೇಕಾದರೂ, ಜಾತ್ರಿ ಶರ್ಯತ್ತಿಗೆ ನಿಲ್ಲಬೇಕಾದರೂ, ಮುಂಬಯಿ–ಪುಣೆ ರೇಸಿನ ಘಾಟು ಏರಬೇಕಾದರೂ ರೋಡ್ ಬೈಕೇ ಬೇಕು. ಟ್ರಯಥ್ಲಾನ್ ಬೈಕ್ ತಗೊಂಡು ಹೋದರ ಗೆರಿ ಹತ್ರಾನೇ ತಡೀತಾರ. ಅದೇ ರೋಡ್ ಬೈಕಿಗೆ ಕೆಲವು ಸಾವಿರ ರೂಪಾಯಿಯ ಮೊಣಕೈ ಹ್ಯಾಂಡಲ್ ಜೋಡಿಸಿ, ಸೀಟು ಒಂದಿಷ್ಟು ಮುಂದ ಸರಿಸಿದರ ಗೋವಾಕ್ಕೂ ನಡೀತದ. ಲೆಮಾಂಡ್ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಎರಡು-ಮೂರು ವರ್ಷ ಓಡಿ, ಉದ್ದ ಅಂತರದ ಟ್ರಯಥ್ಲಾನೇ ತನ್ನ ದಾರಿ ಅಂತ ಹುಡುಗನಿಗೆ ಖಾತ್ರಿಯಾದರ, ಆವಾಗ ಎರಡನೆಯದರ ಮಾತು. ಮೊದಲ ಸೈಕಲ್ಲಿಗೇ ಅಷ್ಟು ರೊಕ್ಕ ಹಾಕೋದು ನನಗ ಸರಿ ಅನಿಸೂದಿಲ್ಲ.

ಹಳೇ ಮಾಲು ತಗೋಳ್ಳಲಿಕ್ಕೆ ಪುಣೆಗೋ ಸೊಲ್ಲಾಪುರಕ್ಕೋ ಹೋಗುವವರು ಗೌಂಡಿಗಳ ತೂಕದ ಗುಂಡೊಂದನ್ನ ಕಿಸೇದಾಗ ಇಟ್ಕೊಂಡು ಹೋಗ್ರಿ. ಸೈಕಲ್ಲನ್ನು ಸಪಾಟು ನೆಲದ ಮ್ಯಾಲೆ ನೆಟ್ಟಗ ನಿಲ್ಲಿಸಿ, ಸೀಟಿನ ಮೂಗಿನಿಂದ ದಾರ ಬಿಡ್ರಿ. ಪೆಡಲು ತಿರುಗುವ ಬಿ.ಬಿ. ಎಕ್ಸಲಿನ ನಡುವಿನಿಂದ ದಾರ ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಹಿಂದ ಬಿದ್ದರ ಅದು ರೋಡ್ ಬೈಕಿನ ಕೂರಿಕೆ. ರೇಸಿನ ನಿಯಮ ಬಹುಕಾಲ ಹೇಳುತ್ತ ಬಂದ ಅಳತೆಯೂ ಅದೇ. ದಾರ ಎಕ್ಸಲಿನ ಮ್ಯಾಲೆ, ಇಲ್ಲಾ ಅದರ ಮುಂದ ಬಿತ್ತೋ, ಅಂಗಡಿಯವ ಏನೇ ಹೆಸರು ಹೇಳಲಿ, ಅದು ಟ್ರಯಥ್ಲಾನಿನ ಕೂರಿಕೆ. ಸೀಟನ್ನು ಯಾರಾದರೂ ಸರಿಸಿಟ್ಟಿರಬಹುದು. ಅದಕ್ಕ ಸೀಟಿನ ಪೈಪು ಎಷ್ಟು ಓರೆ ಅದ ಅನ್ನೋದನ್ನೂ ಒಮ್ಮೆ ಕಣ್ಣಿಲೆ ನೋಡ್ಕೋರಿ.