ಟೆಂಟಿನ ಮೇಲಿಂದ ಹಾಲ್‌ನ ಮೂಲೆಗೆ: ಹಾರ್ನ್ ಸ್ಪೀಕರಿನ ನೂರು ವರ್ಷ

ಟೂರಿಂಗ್ ಟಾಕೀಸಿನ ದಿನಗಳಲ್ಲಿ ಟೆಂಟಿನ ಮೇಲೆ ಕಟ್ಟಿದ ಹಾರ್ನಿನಿಂದ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಕೇಳಿಬಂತೆಂದರೆ ಗದ್ದೆಯಾಚೆಯ ಹಳ್ಳಿಯವರೂ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದರು. ಒಂದು ಜನರೇಟರು, ಒಂದು ಚಿಕ್ಕ ಆಂಪ್ಲಿಫೈಯರು; ಅಷ್ಟಕ್ಕೇ ಊರಾಚೆ ಮುಟ್ಟುವ ದನಿ. ಅದೇ ತತ್ತ್ವದ ಹಾರ್ನನ್ನು ಇಂದು ಹತ್ತಡಿ ದೂರದ ಸೋಫಾಕ್ಕಾಗಿ ಮನೆಯಲ್ಲೇ ಕಟ್ಟುವವರಿದ್ದಾರೆ. ಮೈಲಿ ದೂರಕ್ಕೆಂದು ಹುಟ್ಟಿದ್ದು ಹತ್ತಡಿಗೆ ಇಳಿದದ್ದು ಹೇಗೆ? ಈ ಚರಿತ್ರೆಯನ್ನು ಕೊರತೆಗಳ ಕಥೆಯಾಗಿ ಓದಬಹುದು. ಮೊದಲು ವಾಟ್‌ಗೆ ಬರ, ಆಮೇಲೆ ಜಾಗಕ್ಕೆ, ಆಮೇಲೆ ಲೆಕ್ಕಕ್ಕೆ, ಈಗ ಮೌನಕ್ಕೆ.

ವಾಟ್‌ಗೆ ಬರವಿದ್ದ ಕಾಲ

ಸ್ಪೀಕರಿನ ಕೋನ್ ಗಾಳಿಯನ್ನು ತಳ್ಳುವುದು ಹತ್ತಿ ಮೂಟೆಗೆ ಗುದ್ದಿದ ಹಾಗೆ. ಶ್ರಮ ಬಹಳ, ಎದುರು ಸಿಗುವ ಹಿಡಿತ ಕಡಿಮೆ. ಹೀಗಾಗಿ ಮಾಮೂಲಿ ಸ್ಪೀಕರು ತಾನು ಪಡೆದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಮಾತ್ರ ಶಬ್ದವಾಗಿಸುತ್ತದೆ. ಉಳಿದದ್ದು ಕಾಯಿಲ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಕಿರಿದಾದ ಕುತ್ತಿಗೆಯಿಂದ ಕ್ರಮವಾಗಿ ಅಗಲವಾಗುವ ಲಾಳಿಕೆಯನ್ನು ಅದರ ಮುಂದಿಟ್ಟರೆ ಕುತ್ತಿಗೆಯ ಬಳಿ ಗಾಳಿ ಬಿಗಿಯಾಗಿ ಎದುರು ಕೊಡುತ್ತದೆ, ಬಾಯಿಯ ಹೊತ್ತಿಗೆ ಆ ಒತ್ತಡ ವಿಶಾಲವಾದ ಚಲನೆಯಾಗಿ ಹೊರಬೀಳುತ್ತದೆ. ಒಂದರ ಜಾಗದಲ್ಲಿ ಹತ್ತು, ಇಪ್ಪತ್ತು ಪಾಲು ಶಬ್ದ ದಕ್ಕುತ್ತದೆ. ಜಾತ್ರೆಯಲ್ಲಿ ಕೊಂಬು ಕಹಳೆ ಊದುವವರು ಸಮೀಕರಣವಿಲ್ಲದೆ ಅರಿತಿದ್ದ ಸಂಗತಿ ಇದು. ಸಮೀಕರಣ ಕೊಟ್ಟವರು ಅಮೆರಿಕದ ಆರ್ಥರ್ ವೆಬ್‌ಸ್ಟರ್, 1919ರಲ್ಲಿ.

ಅದಕ್ಕೂ ನಾಲ್ಕು ವರ್ಷ ಮೊದಲೇ, 1915ರಲ್ಲಿ, ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಸಾನ್ ಫ್ರಾನ್ಸಿಸ್ಕೋದ ಜನಸಂದಣಿಗೆ ವಿದ್ಯುತ್ ಹಾರ್ನಿನ ಪರಿಚಯ ಮಾಡಿಸಿದ್ದರು. 1926ರ ಸುಮಾರಿಗೆ ವೆಂಟ್ ಮತ್ತು ಥುರಾಸ್ ರೂಪಿಸಿದ, ಹಾರ್ನಿನ ಕುತ್ತಿಗೆಗೆ ಶಬ್ದ ಒತ್ತುವ ಕಂಪ್ರೆಷನ್ ಡ್ರೈವರ್ ಚಿತ್ರಮಂದಿರಕ್ಕೆ ಮಾತು ತಂದಿತು. 1934ರಲ್ಲಿ ‘ಸತಿ ಸುಲೋಚನ’ ಕನ್ನಡದಲ್ಲಿ ಮಾತಾಡುವ ಹೊತ್ತಿಗೆ ಲೋಕದ ದೊಡ್ಡ ಚಿತ್ರಮಂದಿರಗಳಲ್ಲಿ ಹಾರ್ನ್‌ನದೇ ರಾಜ್ಯ. ಆಗಿನ ಆಂಪ್ಲಿಫೈಯರುಗಳು ಕೊಡುತ್ತಿದ್ದುದು ಬೆರಳೆಣಿಕೆಯ ವಾಟ್; ಬೇರೆ ದಾರಿ ಇರಲಿಲ್ಲ.

ಜಾಗಕ್ಕೆ ಬರ

ಹಾರ್ನನ್ನು ಮನೆಗೆ ತರಲು ಹೊರಟವರಿಗೆ ಅಡ್ಡ ಬಂದದ್ದು ಅಳತೆ. 40 ಹರ್ಟ್ಸ್‌ನ ಮಂದ್ರ ಸ್ವರದ ಒಂದು ಅಲೆ ಎಂಟೂವರೆ ಮೀಟರ್ ಉದ್ದ. ಬಯಲಿನಲ್ಲಿ ಅದನ್ನು ಸರಿಯಾಗಿ ಹೊರಬಿಡಲು ಹಾರ್ನಿನ ಬಾಯಿ ಸುಮಾರು 2.7 ಮೀಟರ್ ಅಗಲವಿರಬೇಕು. ಅಷ್ಟು ದೊಡ್ಡ ಬಾಯಿ ಬಾಗಿಲಲ್ಲೇ ಹಿಡಿಸದು. ಉಪಾಯ ಸಿಕ್ಕಿದ್ದು ಕೋಣೆಯ ಮೂಲೆಯಲ್ಲಿ. ಎರಡು ಗೋಡೆ, ಒಂದು ನೆಲ ಸೇರಿ ತಾವೇ ಹಾರ್ನಿನ ಮುಂದುವರಿಕೆಯಾದರೆ ಬಾಯಿಯ ವಿಸ್ತೀರ್ಣ ಎಂಟನೇ ಒಂದಕ್ಕೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ 1930ರ ದಶಕದಲ್ಲೇ ಮೂಲೆ ಹಾರ್ನ್ ಮಾಡಿದ್ದರು. ಅಮೆರಿಕದ ಪಾಲ್ ಕ್ಲಿಪ್ಷ್ ಅದನ್ನು ಮಡಚಿ ಮಡಚಿ ಪೆಟ್ಟಿಗೆಯೊಳಗೆ ಅಡಗಿಸಿ, 1946ರಲ್ಲಿ ಕಂಪನಿಯನ್ನೇ ಕಟ್ಟಿದರು.

1954ರಲ್ಲಿ ಎಡ್ಗರ್ ವಿಲ್ಚರ್ ಅವರ ಪುಟ್ಟ ಮುಚ್ಚಿದ ಪೆಟ್ಟಿಗೆಯ ಸ್ಪೀಕರು ಬಂತು. ಅದು ವಾಟ್ ನುಂಗುವ ಪೆಟ್ಟಿಗೆ. ಆದರೆ ಮುಂದೆ ಟ್ರಾನ್ಸಿಸ್ಟರಿನಿಂದ ವಾಟ್ ಅಗ್ಗವಾಯಿತು, ಮನೆಯ ಹಾರ್ನ್ ಹಿಂದೆ ಸರಿಯಿತು. ಅದೇ 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಹುಟ್ಟಿತು. 1961ರಿಂದ ವಾಲ್ವ್ ತಯಾರಿಸಿತು. ಅಲ್ಲಿ ತಯಾರಾದ ಇಎಲ್ 84 ವಾಲ್ವ್ ಒಂಟಿಯಾಗಿ ದುಡಿದರೆ ಸಿಗುವುದು ಸುಮಾರು ಐದು ವಾಟ್. ಒಂದು ವಾಟ್‌ಗೆ 100 ಡೆಸಿಬೆಲ್ ಕೊಡುವ ಹಾರ್ನಿಗೆ ಅದು ಧಾರಾಳ. 88 ಡೆಸಿಬೆಲ್‌ನ ಪೆಟ್ಟಿಗೆಯಿಂದ ಅಷ್ಟೇ ದನಿ ಬೇಕೆಂದರೆ ಎಂಬತ್ತು ವಾಟ್ ಸುರಿಯಬೇಕು. ವಾಲ್ವ್ ರಸಿಕರು ಇಂದಿಗೂ ಹಾರ್ನ್ ಹುಡುಕುವುದು ಇದಕ್ಕೇ. ಮಿಕ್ಕಂತೆ ನಮ್ಮಲ್ಲಿ ಹಾರ್ನ್ ಉಳಿದದ್ದು ಮೈಕ್‌ಸೆಟ್‌ನವರ ಕೈಯಲ್ಲಿ: ಮದುವೆ, ಗಣೇಶೋತ್ಸವ, ರಾಜ್ಯೋತ್ಸವ, ಚುನಾವಣೆಯ ಜೀಪು.

ಲೆಕ್ಕ ಸುಲಭವಾದಾಗ

1970ರ ದಶಕ ಎರಡು ಕಡೆ ಮುಖ್ಯ. ಹೊರಗೆ ಥೀಲ್ ಮತ್ತು ಸ್ಮಾಲ್ ಅವರ ಸೂತ್ರಗಳು ಸ್ಪೀಕರಿನ ನಡತೆಯನ್ನು ಕೆಲವು ಸಂಖ್ಯೆಗಳಿಗೆ ಇಳಿಸಿದವು. 1975ರಲ್ಲಿ ಡಾನ್ ಕೀಲ್ ಹಾರ್ನಿಗೆ ರೂಢಿಯಾಗಿದ್ದ ಎಕ್ಸ್‌ಪೊನೆನ್ಷಿಯಲ್ ಆಕಾರವನ್ನೇ ಪ್ರಶ್ನಿಸಿ, ಶಬ್ದ ಎಲ್ಲ ಸ್ವರದಲ್ಲೂ ಒಂದೇ ಹರವಿನಲ್ಲಿ ಬೀಳುವ ಹಾರ್ನಿನತ್ತ ದಾರಿ ತೋರಿದರು. ಇಲ್ಲಿ ಬೆಂಗಳೂರಿನಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಎರಡು ಧಾರೆ ಕೂಡಿದ್ದು ಬಹಳ ತಡವಾಗಿ, ಆಸ್ಟ್ರೇಲಿಯಾದ ಡೇವಿಡ್ ಮೆಕ್‌ಬೀನ್ ಅವರ ‘ಹಾರ್ನ್‌ರೆಸ್ಪ್’ನಂಥ ಹಾರ್ನ್ ಲೆಕ್ಕದ ಉಚಿತ ತಂತ್ರಾಂಶ ಬಂದ ಮೇಲೆ. ವೈಟ್‌ಫೀಲ್ಡಿನ ಮೇಜಿನ ಮೇಲೆ ರಾತ್ರಿ ಬರೆದ ವಕ್ರರೇಖೆಯನ್ನು ಬೆಳಗ್ಗೆ ಪೀಣ್ಯದ ಸಿಎನ್‌ಸಿ ರೂಟರ್‌ಗೆ ಕೊಡಬಹುದು. ಡ್ರೈವರ್, ಕೆಪಾಸಿಟರ್, ವೈರು ಎಸ್‌ಪಿ ರಸ್ತೆಯಲ್ಲಿ.

ಒಂದು ಉದಾಹರಣೆ ನೋಡಿ. 500 ಹರ್ಟ್ಸ್‌ನಿಂದ ಮೇಲಿನ ಸ್ವರಗಳ ಎಕ್ಸ್‌ಪೊನೆನ್ಷಿಯಲ್ ಹಾರ್ನಿನಲ್ಲಿ ಪ್ರತಿ 3.8 ಸೆಂಟಿಮೀಟರಿಗೆ ವಿಸ್ತೀರ್ಣ ಇಮ್ಮಡಿಯಾಗಬೇಕು. ಒಂದಿಂಚು ಕುತ್ತಿಗೆಯಿಂದ 22 ಸೆಂಟಿಮೀಟರ್ ಬಾಯಿ ಮುಟ್ಟಲು ಉದ್ದ ಸುಮಾರು 24 ಸೆಂಟಿಮೀಟರ್. ಬಾಯಿ ಎಂದರೆ ಊಟದ ತಟ್ಟೆಯಷ್ಟು ಅಗಲ. ಪ್ಲೈವುಡ್‌ನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ ಒಳಗೆ ಉಜ್ಜಿ ನುಣುಪು ಮಾಡಿದರೆ ಹಾರ್ನ್ ತಯಾರು. 3ಡಿ ಪ್ರಿಂಟರ್ ಇದ್ದವರಿಗೆ ಅಷ್ಟೂ ಶ್ರಮವಿಲ್ಲ. ಮಂದ್ರಕ್ಕೆ ಹಾರ್ನಿನ ಹಟ ಹಿಡಿಯದೆ ಮಾಮೂಲಿ ಹನ್ನೆರಡು, ಹದಿನೈದಿಂಚಿನ ವೂಫರ್ ಜೋಡಿಸುವುದೇ ಸಣ್ಣ ಮನೆಗೆ ಜಾಣತನ.

ಸುಧಾರಣೆಯ ಗುಟ್ಟುಗಳೆಲ್ಲ ಸಣ್ಣವು. 500ಕ್ಕೆ ಕಟ್ಟಿದ ಹಾರ್ನನ್ನು 500ರಿಂದಲೇ ದುಡಿಸದೆ 1000ದ ಸುಮಾರಿನಿಂದ ದುಡಿಸಿದರೆ ಮೂಗಿನ ದನಿ ತಗ್ಗುತ್ತದೆ. ವೂಫರಿಗಿಂತ ಹಾರ್ನ್ ಹತ್ತು ಹದಿನೈದು ಡೆಸಿಬೆಲ್ ಜೋರಾದ್ದರಿಂದ ರೆಸಿಸ್ಟರ್ ಜಾಲದಿಂದ ಅದನ್ನು ತಗ್ಗಿಸಬೇಕು. ಡ್ರೈವರಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್ ಇಟ್ಟರೆ ಆಂಪ್ಲಿಫೈಯರ್ ಕೆಟ್ಟ ದಿನ ಡಯಾಫ್ರಂ ಉಳಿಯುತ್ತದೆ. ಲೋಹದ ಹಾರ್ನ್ ಗಂಟೆಯಂತೆ ಗುಂಯ್‌ಗುಡದಿರಲು ಹೊರಮೈಗೆ ಕಾರಿನ ಬಾಗಿಲಿಗೆ ಹಚ್ಚುವ ಡ್ಯಾಂಪಿಂಗ್ ಹಾಳೆ ಸಾಕು. ಹಾರ್ನಿನ 24 ಸೆಂಟಿಮೀಟರ್ ಉದ್ದದಿಂದ ಶಬ್ದ 0.7 ಮಿಲಿಸೆಕೆಂಡ್ ತಡವಾಗುತ್ತದೆ. ವೂಫರನ್ನು ಅಷ್ಟೇ ಹಿಂದೆ ಸರಿಸಬೇಕು, ಇಲ್ಲವೇ ಡಿಎಸ್‌ಪಿಯಲ್ಲಿ ತಡೆದು ಬಿಡಬೇಕು. ಮೈಕ್‌ಸೆಟ್‌ನ ಹಳೆಯ ಮಡಿಕೆ ಹಾರ್ನನ್ನು ಮಾತ್ರ ಸಂಗೀತಕ್ಕೆ ಒಗ್ಗಿಸಲಾಗದು. ಅದನ್ನು ಕಟ್ಟಿದ್ದೇ ಮಾತು ದೂರ ಮುಟ್ಟಲೆಂದು.

ಮೌನಕ್ಕೆ ಬರ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಗೋಡೆಯಾಚೆ ನೈಟ್ ಶಿಫ್ಟ್ ಮುಗಿಸಿ ಮಲಗಿದವರಿರುವ ಊರಿನಲ್ಲಿ ಹಾರ್ನ್ ಎಂದರೆ ಅಕ್ಕಪಕ್ಕದವರು ಬೆಚ್ಚಿಬೀಳುವುದು ಸಹಜ. ಆದರೆ ಲೆಕ್ಕ ಹಾಕಿ. ಮೂರು ಮೀಟರ್ ದೂರದ ಸೋಫಾದಲ್ಲಿ 75 ಡೆಸಿಬೆಲ್ ಕೇಳಲು 100 ಡೆಸಿಬೆಲ್‌ನ ಹಾರ್ನಿಗೆ ಬೇಕಾದದ್ದು ಒಂದು ವಾಟ್‌ನ ಸುಮಾರು ಮೂವತ್ತೈದನೇ ಪಾಲು. ಡಯಾಫ್ರಂ ಅಲುಗಿದ್ದೂ ಕಾಣದು. ಅಷ್ಟು ಕಡಿಮೆ ಅಲುಗುವುದರಿಂದಲೇ ತಂಬೂರಿಯ ಜೀವಾಳಿ, ಮೃದಂಗದ ಬೆರಳು ಸಣ್ಣ ದನಿಯಲ್ಲೂ ಬಿಡಿಬಿಡಿಯಾಗಿ ಕೇಳುತ್ತವೆ. ವಾಟ್‌ನ ಬಡತನದಲ್ಲಿ ಹುಟ್ಟಿದ ಲಾಳಿಕೆ, ವಾಟ್ ಹೇರಳವಾಗಿರುವ ಕಾಲದಲ್ಲೂ ತನ್ನ ಮಿತವ್ಯಯ ಬಿಟ್ಟಿಲ್ಲ. ಊರನ್ನೇ ಎಬ್ಬಿಸುತ್ತಿದ್ದ ಕಹಳೆಯನ್ನು ಈಗ ಕಟ್ಟುವುದು ಪಕ್ಕದ ಮನೆಯವರನ್ನು ಎಬ್ಬಿಸದೆ ಹಾಡು ಕೇಳಲಿಕ್ಕೆ.